ಅಗ್ಗದ ಪವರ್ ಟೂಲ್: ಯಾವುದರಲ್ಲಿ ದುಡ್ಡು ಉಳಿಸಬಹುದು, ಯಾವುದರಲ್ಲಿ ಉಳಿಸಬಾರದು

ನಮ್ಮ ಗ್ರಿಲ್ ಶಾಪಿನಲ್ಲಿ ನಾಲ್ಕು ವರ್ಷ ಕೆಲಸ ಕಲಿತ ಹುಡುಗ ಈಗ ಶಿರಾ ಹತ್ತಿರ ಸ್ವಂತ ಅಂಗಡಿ ಹಾಕುತ್ತಿದ್ದಾನೆ. ವೆಲ್ಡಿಂಗ್ ಮಿಷನ್ ಮೊದಲೇ ಇತ್ತು. ಉಳಿದ ಸಾಮಾನಿಗೆ ಅವನ ಕೈಯಲ್ಲಿದ್ದದ್ದು 15,000 ರೂಪಾಯಿ. "ಅಣ್ಣಾ, ಎಲ್ಲಾ ಕಂಪನಿ ಮಿಷನ್ನೇ ತಗೊಂಡ್ರೆ ಎರಡು ಬರುತ್ತೆ. ಲೋಕಲ್ ತಗೊಂಡ್ರೆ ಐದು ಬರುತ್ತೆ. ಏನ್ ಮಾಡ್ಲಿ?" ಅಂತ ಕೇಳಿದ.

ಈ ಪ್ರಶ್ನೆಗೆ "ದುಡ್ಡು ಕೂಡಿಸಿ ಒಳ್ಳೆಯದನ್ನೇ ತಗೋ" ಅಂದುಬಿಡುವುದು ಸುಲಭ. ಅಂಗಡಿ ಬಾಡಿಗೆ ಕಟ್ಟಬೇಕಾದವನಿಗೆ ಅದರಿಂದ ಏನೂ ಉಪಯೋಗವಿಲ್ಲ. ಅಗ್ಗದ ಮಿಷನ್ನುಗಳನ್ನು ನಾನೂ ವರ್ಷಗಟ್ಟಲೆ ಬಳಸಿದ್ದೇನೆ, ಈಗಲೂ ಬಳಸುತ್ತಿದ್ದೇನೆ. ಕೆಲವು ಕೊಟ್ಟ ದುಡ್ಡಿಗಿಂತ ಹೆಚ್ಚು ದುಡಿದವು, ಕೆಲವು ಮೊದಲ ವಾರವೇ ಹೊಗೆ ಬಿಟ್ಟವು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಮಿಷನ್ ಆದರೂ ಮೊದಲು ಎರಡು ವಿಷಯ ನೋಡಬೇಕು. ಒಂದು, ಅದು ನಮ್ಮ ಕೈಯಲ್ಲಿ ವಾರಕ್ಕೆ ಎಷ್ಟು ಗಂಟೆ ಓಡುತ್ತದೆ. ಇನ್ನೊಂದು, ಕೆಟ್ಟರೆ ಅದರ ಸ್ಪೇರ್ ನಮ್ಮ ಊರಿನಲ್ಲೇ ಸಿಗುತ್ತದೆಯೇ. ದಿನವಿಡೀ ಓಡುವ ಮಿಷನ್ ಅಗ್ಗದ್ದು ತಂದರೆ ನಷ್ಟ. ವಾರಕ್ಕೆ ಹತ್ತು ನಿಮಿಷ ಓಡುವುದನ್ನು ದುಬಾರಿ ತಂದರೂ ನಷ್ಟವೇ, ಯಾಕೆಂದರೆ ಆ ದುಡ್ಡು ಇನ್ನೊಂದು ಕಡೆ ಬೇಕಿತ್ತು.

ಅಗ್ಗ ಅಂದರೆ ಒಂದೇ ತರಹದ್ದಲ್ಲ

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೂ, ತುಮಕೂರು ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಮೂರು ಸಾಲು ಕಾಣುತ್ತವೆ. ಮೇಲಿನ ಸಾಲಿನಲ್ಲಿ ಬಾಷ್, ಮಕಿಟಾ, ಡಿವಾಲ್ಟ್, ಹೈಕೋಕಿ. ನಡುವೆ ಇಂಗ್ಕೊ, ಟೋಟಲ್, ಡಾಂಗ್‌ಚೆಂಗ್, ಐಬೆಲ್ ಮುಂತಾದವು. ಕೆಳಗೆ, ಹೆಸರು ವರ್ಷಕ್ಕೊಂದು ಸಲ ಬದಲಾಗುವ, ಬಣ್ಣ ಮಾತ್ರ ದೊಡ್ಡ ಕಂಪನಿಯದೇ ಇರುವ ಮಾಲು.

ಈ ಕೆಳಗಿನ ಸಾಲಿನ ಮಿಷನ್ನುಗಳು ಬಹುಪಾಲು ಯಾವುದೋ ಹಳೆಯ ಪ್ರಸಿದ್ಧ ಮಾಡೆಲ್ಲಿನ ನಕಲು. ಅಂಗಡಿಯವರು "801 ಗ್ರೈಂಡರ್" ಅನ್ನುವುದು ಡಿವಾಲ್ಟ್‌ನ ಡಿಡಬ್ಲ್ಯೂ801 ಮಾಡೆಲ್ಲಿನ ಅಚ್ಚು. "ಸಿಎಂ4 ಕಟರ್" ಅನ್ನುವುದು ಹಿಂದೆ ಹಿಟಾಚಿ ಹೆಸರಿನಲ್ಲಿ ಬರುತ್ತಿದ್ದ ಮಾರ್ಬಲ್ ಕಟರಿನ ಅಚ್ಚು. "2-26" ಅಂದರೆ ಬಾಷ್‌ನ ರೋಟರಿ ಹ್ಯಾಮರ್ ನೋಡಿ ಮಾಡಿದ್ದು. ಕೊಳ್ಳುವವನಿಗೆ ಇದರಿಂದ ನಿಜವಾದ ಅನುಕೂಲವಿದೆ. 801 ಅಂತ ಹೇಳಿ ಆರ್ಮೇಚರ್ (ಮೋಟರಿನೊಳಗೆ ತಿರುಗುವ ಭಾಗ), ಫೀಲ್ಡ್ ಕಾಯಿಲ್ (ಅದರ ಸುತ್ತ ಕದಲದೆ ಇರುವ ತಂತಿ ಸುರುಳಿ), ಗೇರ್, ಸ್ವಿಚ್, ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಕೇಳಿದರೆ ಸುಟ್ಟ ಮೋಟರಿಗೆ ತಂತಿ ಸುತ್ತಿಕೊಡುವ ತಾಲೂಕು ಮಟ್ಟದ ರಿವೈಂಡಿಂಗ್ ಅಂಗಡಿಯಲ್ಲೂ ಸಿಗುತ್ತವೆ. ಆದ್ದರಿಂದ ಅಗ್ಗದ್ದೇ ಕೊಳ್ಳುವುದಾದರೆ ನನ್ನ ಮಾತು ಇಷ್ಟು: ನೋಡಲು ಹೊಸದಾಗಿ, ಚೆಂದವಾಗಿ ಇರುವುದನ್ನು ಬಿಟ್ಟು ಎಲ್ಲರ ಅಂಗಡಿಯಲ್ಲೂ ಇರುವ ಹಳೇ ಮಾಡೆಲ್ ತಗೊಳ್ಳಿ. ಆನ್‌ಲೈನಿನಲ್ಲಿ ಮಾತ್ರ ಕಾಣುವ, ಬೇರೆ ಯಾರ ಕೈಯಲ್ಲೂ ಇಲ್ಲದ ಆಕಾರದ ಮಿಷನ್ ಒಮ್ಮೆ ಸುಟ್ಟರೆ ಗುಜರಿಗೇ.

ಗ್ರೈಂಡರ್

ಕಬ್ಬಿಣದ ಕೆಲಸ ಮಾಡುವವರಿಗೆ 4 ಇಂಚಿನ ಗ್ರೈಂಡರೇ ಕೈಕಾಲು. ಕಟಿಂಗ್, ವೆಲ್ಡ್ ಸವರುವುದು, ತುಕ್ಕು ತೆಗೆಯುವುದು, ಪಾಲಿಶ್, ಎಲ್ಲಾ ಅದರಲ್ಲೇ. ನಮ್ಮ ಕಡೆ ಲೋಕಲ್ ಮಾಲು 1,200ರಿಂದ 1,500 ರೂಪಾಯಿಗೆ ಸಿಗುತ್ತದೆ. ಬಾಷ್ ಜಿಡಬ್ಲ್ಯೂಎಸ್ 600 ದರ್ಜೆಯದು ಅದರ ಹತ್ತಿರ ಹತ್ತಿರ ಎರಡು ಪಟ್ಟು.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ವ್ಯಾಟ್. ಜಿಡಬ್ಲ್ಯೂಎಸ್ 600ರ ಮೇಲೆ 660 ವ್ಯಾಟ್ ಅಂತಿರುತ್ತದೆ, ಪಕ್ಕದ ಲೋಕಲ್ ಮಿಷನ್ ಮೇಲೆ 850, 1,000, 1,200. ಆ ಸಂಖ್ಯೆ ನಂಬಬೇಡಿ. ಮೋಟರಿನ ಶಕ್ತಿ ಒಳಗಿನ ತಾಮ್ರ ಮತ್ತು ಕಬ್ಬಿಣದಿಂದ ಬರುವುದು, ಅವೆರಡಕ್ಕೂ ತೂಕವಿದೆ. ಒಂದೂವರೆ ಕಿಲೋ ಮಿಷನ್ 1,200 ವ್ಯಾಟ್ ಅಂದರೆ ಲೇಬಲ್ ಸುಳ್ಳು. ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತಿದ ಮಿಷನ್ನುಗಳೂ ಬರುತ್ತವೆ. ಅಲ್ಯೂಮಿನಿಯಂ ತಾಮ್ರದ ಮೂರನೇ ಒಂದು ಭಾಗ ತೂಗುತ್ತದೆ. ಒಂದೇ ಅಳತೆಯ ಎರಡು ಮಿಷನ್ ಎರಡು ಕೈಯಲ್ಲಿ ಹಿಡಿದರೆ ಅನುಮಾನ ಅಲ್ಲೇ ಬರುತ್ತದೆ.

ಕೊಳ್ಳುವ ಮೊದಲು ನಾನು ಹೀಗೆ ನೋಡುತ್ತೇನೆ. ಡಿಸ್ಕ್ ಕೂರುವ ಸ್ಪಿಂಡಲನ್ನು ಬೆರಳಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸುತ್ತೇನೆ. ಟಕ್ ಟಕ್ ಅಂದರೆ ಬೇಡ. ಆಮೇಲೆ ಡಿಸ್ಕ್ ಇಲ್ಲದೆ ಆನ್ ಮಾಡಿಸಿ, ಎರಡು ನಿಮಿಷ ಓಡಿಸಿ, ಹಿಂಬದಿಯ ಗಾಳಿ ಕಿಂಡಿಯಲ್ಲಿ ಇಣುಕುತ್ತೇನೆ. ಕಾರ್ಬನ್ ಹತ್ತಿರ ಸಣ್ಣ ನೀಲಿ ಕಿಡಿ ಇದ್ದರೆ ಪರವಾಗಿಲ್ಲ, ಸುತ್ತಲೂ ಉಂಗುರದ ಹಾಗೆ ಬೆಂಕಿ ತಿರುಗಿದರೆ ಬೇಡ. ಆಫ್ ಮಾಡಿದ ಮೇಲೆ ಮಿಷನ್ ಮೆಲ್ಲಗೆ, ಒಂದೇ ದನಿಯಲ್ಲಿ ನಿಲ್ಲಬೇಕು. ಕರಕರ ಅಂತ ಥಟ್ಟನೆ ನಿಂತರೆ ಬೇರಿಂಗೋ ಗೇರೋ ಸರಿ ಕೂತಿಲ್ಲ. ಕಾರ್ಬನ್ ಬದಲಿಸಲು ಹೊರಗಿನಿಂದಲೇ ತಿರುಪು ಇದ್ದರೆ ಇನ್ನೂ ಒಳ್ಳೆಯದು.

ಲೋಕಲ್ ಗ್ರೈಂಡರ್ ತಂದ ದಿನ ಮಾಡಬೇಕಾದ ಒಂದು ಕೆಲಸವಿದೆ, ಬಹಳ ಜನ ಮಾಡುವುದಿಲ್ಲ. ಮುಂದಿನ ಗೇರ್ ತಲೆಯ ನಾಲ್ಕು ಸ್ಕ್ರೂ ಬಿಚ್ಚಿ ನೋಡಿ. ನಾನು ತಂದ ಒಂದರಲ್ಲಿ ಗ್ರೀಸ್ ಗೇರಿನ ಹಲ್ಲಿಗೆ ತಗಲೇ ಇರಲಿಲ್ಲ, ಒಂದು ಮೂಲೆಯಲ್ಲಿ ಕಡಲೆಕಾಳಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತು. ಹಾಗೇ ಓಡಿಸಿದ್ದರೆ ತಿಂಗಳಲ್ಲಿ ಹಲ್ಲು ಸವೆಯುತ್ತಿತ್ತು. ಒರೆಸಿ, ಒಳ್ಳೆಯ ಗ್ರೀಸ್ ಗೂಡಿನ ಅರ್ಧದಷ್ಟು ತುಂಬಿ ಮುಚ್ಚಿದೆ. ಅದು ಇವತ್ತಿಗೂ ವೈರ್ ಬ್ರಷ್ ಹಾಕಿಕೊಂಡು ತುಕ್ಕು ತೆಗೆಯುತ್ತಿದೆ. ಕಾರ್ಬನ್ 5-6 ಮಿಲಿಮೀಟರಿಗೆ ಇಳಿದಾಗಲೇ ಬದಲಿಸಿಬಿಡಿ. ಸವೆದ ಕಾರ್ಬನ್ ಹಿಂದಿನ ಸ್ಪ್ರಿಂಗ್ ಕಮ್ಯುಟೇಟರನ್ನು (ಆರ್ಮೇಚರಿನ ತುದಿಯಲ್ಲಿ ಕಾರ್ಬನ್ ಉಜ್ಜುವ ತಾಮ್ರದ ಬಳೆ) ಗೀರಿದರೆ ಆರ್ಮೇಚರೇ ಹೋಗುತ್ತದೆ.

ಇನ್ನು ಸ್ವಿಚ್. ಅಗ್ಗದ ಗ್ರೈಂಡರಿನಲ್ಲಿ ಮೊದಲು ಕೈ ಕೊಡುವುದೇ ಇದು. ಮುಂದೆ ತಳ್ಳಿದರೆ ಅಲ್ಲೇ ಕಚ್ಚಿಕೊಳ್ಳುವ ಸ್ಲೈಡ್ ಸ್ವಿಚ್ಚಿಗೆ ಕಬ್ಬಿಣದ ಪುಡಿ ಸೇರಿದರೆ ಹಿಂದಕ್ಕೆ ಬರುವುದಿಲ್ಲ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಹುಡುಗ ಗ್ರೈಂಡರನ್ನು ಟೇಬಲ್ ಮೇಲಿಟ್ಟು ಟೀ ಕುಡಿಯಲು ಹೋದ. ಸ್ವಿಚ್ ಆನ್ ಆಗೇ ಉಳಿದಿತ್ತು. ಕರೆಂಟ್ ಬಂದದ್ದೇ ತಡ, ಗ್ರೈಂಡರ್ ಟೇಬಲ್ ಮೇಲೆ ಗಿರಕಿ ಹೊಡೆದು, ತನ್ನ ವೈರನ್ನೇ ತುಂಡರಿಸಿಕೊಂಡು ಕೆಳಗೆ ಬಿತ್ತು. ಆ ಹೊತ್ತಿಗೆ ಪಕ್ಕದಲ್ಲಿ ಯಾರೂ ಇರಲಿಲ್ಲ, ಅಷ್ಟೇ ನಮ್ಮ ಪುಣ್ಯ. ಅಂದಿನಿಂದ ನಮ್ಮಲ್ಲಿ ಕರೆಂಟ್ ಹೋದರೆ ಮೊದಲು ಪ್ಲಗ್ ಕೀಳಬೇಕು, ಆಮೇಲೆ ಟೀ. ಕೈ ಬಿಟ್ಟರೆ ತಾನೇ ಆಫ್ ಆಗುವ, ಹಿಡಿಯ ಕೆಳಗೆ ಉದ್ದ ಪಟ್ಟಿ ಇರುವ ಸ್ವಿಚ್ಚಿನ ಮಾಡೆಲ್ ಸಿಕ್ಕರೆ ಇನ್ನೂರು ಮುನ್ನೂರು ಹೆಚ್ಚು ಕೊಟ್ಟಾದರೂ ತಗೊಳ್ಳಿ.

ಮಿಷನ್ ಅಗ್ಗದ್ದು ಇರಬಹುದು, ಡಿಸ್ಕ್ ಮಾತ್ರ ಇರಬಾರದು. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆಗ ಡಿಸ್ಕಿನ ಅಂಚು ಸೆಕೆಂಡಿಗೆ 57 ಮೀಟರ್ ವೇಗದಲ್ಲಿರುತ್ತದೆ, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು. ಒಳ್ಳೆಯ ಕಟಿಂಗ್ ವೀಲ್ ಮೇಲೆ 80 ಮೀ/ಸೆ ಅಂತಲೂ 15,000ಕ್ಕೆ ಮೇಲ್ಪಟ್ಟ ಆರ್‌ಪಿಎಂ ಅಂತಲೂ ಅಚ್ಚಾಗಿರುತ್ತದೆ. ನಡುವಿನ ತಗಡಿನ ಉಂಗುರದ ಮೇಲೆ ತಿಂಗಳು, ವರ್ಷ ಕೊರೆದಿರುತ್ತಾರೆ. ಅದು ಎಕ್ಸ್‌ಪೈರಿ. ವೀಲ್ ಹಿಡಿದಿಟ್ಟಿರುವುದು ರಾಳ, ಹಳತಾದರೆ, ತೇವ ಕುಡಿದರೆ ಬಿಗಿ ಕಳೆದುಕೊಳ್ಳುತ್ತದೆ. ಏನೂ ಬರೆಯದ ವೀಲ್ ಐದು ರೂಪಾಯಿ ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಗಾರ್ಡ್ ಬಿಚ್ಚಿ 5 ಇಂಚಿನ ಡಿಸ್ಕ್ ಹಾಕುವುದು, ಮರ ಕೊಯ್ಯಲು ಹಲ್ಲಿನ ಬ್ಲೇಡ್ ಹಾಕುವುದು, ಇವೆರಡೂ ನಮ್ಮ ಕಡೆ ದಿನಾ ಕಾಣುತ್ತೇವೆ. ಹಲ್ಲಿನ ಬ್ಲೇಡ್ ಮರದ ಗಂಟಿಗೆ ಸಿಕ್ಕರೆ ಮಿಷನ್ ಕೈಯಿಂದ ಹಾರಿ ತೊಡೆಗೋ ಕುತ್ತಿಗೆಗೋ ಬರುತ್ತದೆ. ಕೈಯಲ್ಲಿ ಎಷ್ಟೇ ಶಕ್ತಿ ಇದ್ದರೂ ತಡೆಯಲು ಆಗುವುದಿಲ್ಲ.

ದಿನಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ಓಡಿಸುವವರು ಗ್ರೈಂಡರ್ ಮಾತ್ರ ಮೇಲಿನ ಸಾಲಿನದೇ ತಗೊಳ್ಳಿ. ತೋಟದ ಮನೆಯಲ್ಲಿ ತಿಂಗಳಿಗೊಮ್ಮೆ ಕುಡುಗೋಲು, ಮಚ್ಚು ಸಾಣೆ ಹಿಡಿಯುವವರಿಗೆ ಗ್ರೀಸ್ ಹಾಕಿದ 801 ಸಾಕೇ ಸಾಕು.

ಡ್ರಿಲ್ ಮತ್ತು ರೋಟರಿ ಹ್ಯಾಮರ್

ಇಲ್ಲಿ ಜನ ತಪ್ಪು ಮಾಡುವುದು ಕಂಪನಿ ಆರಿಸುವುದರಲ್ಲಲ್ಲ, ಜಾತಿ ಆರಿಸುವುದರಲ್ಲಿ. ಇಂಪ್ಯಾಕ್ಟ್ ಡ್ರಿಲ್‌ನೊಳಗೆ ಹಲ್ಲಿನ ಎರಡು ಬಿಲ್ಲೆ ಒಂದರ ಮೇಲೊಂದು ಜಾರಿ ಏಟು ಕೊಡುತ್ತವೆ. ಆ ಏಟಿಗೆ ಬಲ ಬರುವುದು ನಾವು ಹಿಂದಿನಿಂದ ತಳ್ಳುವುದರಿಂದ. ರೋಟರಿ ಹ್ಯಾಮರಿನಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಿ ಏಟು ಕೊಡುತ್ತದೆ, ನಾವು ಹಿಡಿದುಕೊಂಡರೆ ಸಾಕು. ಇಟ್ಟಿಗೆ, ಸಿಮೆಂಟ್ ಬ್ಲಾಕಿಗೆ ಇಂಪ್ಯಾಕ್ಟ್ ಡ್ರಿಲ್ ನಡೆಯುತ್ತದೆ. ಆರ್‌ಸಿಸಿ ಪಿಲ್ಲರಿಗೆ, ಗೇಟಿನ ಹಿಂಜ್ ಕೂರಿಸುವ ಕಲ್ಲುಕಂಬಕ್ಕೆ, ಸೈಜುಗಲ್ಲಿನ ಕಾಂಪೌಂಡಿಗೆ ಅದು ಆಗುವ ಮಾತಲ್ಲ. ಅತಿ ದುಬಾರಿ ಇಂಪ್ಯಾಕ್ಟ್ ಡ್ರಿಲ್ ಹಿಡಿದು ಹತ್ತು ನಿಮಿಷ ಒದ್ದಾಡುವ ತೂತನ್ನು ಅಗ್ಗದ 2-26 ಅರ್ಧ ನಿಮಿಷದಲ್ಲಿ ಹೊಡೆಯುತ್ತದೆ. ಅದಕ್ಕೆ ಹಾಕುವ, ಹಿಂಬದಿಯಲ್ಲಿ ಉದ್ದಕ್ಕೆ ತೋಡು ಇರುವ ಎಸ್‌ಡಿಎಸ್ ಬಿಟ್ಟನ್ನು ಬಾಷ್ 1975ರಲ್ಲೇ ತಂದದ್ದು. ಈಗ ಈ ಅಳತೆಯ (ಎಸ್‌ಡಿಎಸ್ ಪ್ಲಸ್) ಬಿಟ್ ಯಾವ ಕಂಪನಿಯದಾದರೂ ಇದೇ ಅಳತೆಯ ಎಲ್ಲಾ ಮಿಷನ್ನಿಗೂ ಕೂರುತ್ತದೆ.

ಕಬ್ಬಿಣಕ್ಕೆ ತೂತು ಹಾಕುವ ಡ್ರಿಲ್‌ನಲ್ಲಿ ವ್ಯಾಟಿಗಿಂತ ಮುಖ್ಯ, ಟ್ರಿಗರ್ ಎಷ್ಟು ಒತ್ತುತ್ತೇವೋ ಅಷ್ಟೇ ತಿರುಗುವುದು. ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿಗೆ 5 ಎಂಎಂ ಬಿಟ್ ನಿಮಿಷಕ್ಕೆ 1,600 ಸುತ್ತಿನ ಆಸುಪಾಸು ಇರಬೇಕು, 10 ಎಂಎಂ ಬಿಟ್ 800ರ ಸುತ್ತಮುತ್ತ. ಒಂದೇ ವೇಗದಲ್ಲಿ 2,500-3,000 ಸುತ್ತು ತಿರುಗುವ ಡ್ರಿಲ್‌ಗೆ 10 ಎಂಎಂ ಬಿಟ್ ಹಾಕಿದರೆ ತುದಿ ನೀಲಿಯಾಗಿ ಮೊಂಡಾಗುತ್ತದೆ. ಮಿಷನ್ನಿನಲ್ಲಿ ಉಳಿಸಿದ ದುಡ್ಡೆಲ್ಲಾ ಬಿಟ್ಟಿಗೆ ಸುರಿಯಬೇಕಾಗುತ್ತದೆ. ಅಂಗಡಿಯಲ್ಲೇ ಒಂದು ನೇರವಾದ ಬಿಟ್ ಕಚ್ಚಿಸಿ, ಮೆಲ್ಲಗೆ ತಿರುಗಿಸಿ ತುದಿ ನೋಡಿ. ತುದಿ ಚುಕ್ಕಿಯ ಹಾಗೆ ನಿಲ್ಲದೆ ವೃತ್ತ ಬರೆಯುತ್ತಿದ್ದರೆ ಬಿಟ್ ಕಚ್ಚುವ ಚಕ್ ಸೊಟ್ಟ. ಗ್ರಿಲ್ ಕೆಲಸದವರಿಗೆ ಡ್ರಿಲ್ ದಿನಕ್ಕೆ ಐದು ಹತ್ತು ನಿಮಿಷವೂ ಓಡುವುದಿಲ್ಲ, ಹಾಗಾಗಿ ನಡುವಿನ ಸಾಲಿನ ಅಗ್ಗದ್ದು ಧೈರ್ಯವಾಗಿ ತಗೊಳ್ಳಬಹುದು. ಒಂದು ಮಾತು, ಡ್ರಿಲ್ ಹಿಡಿಯುವಾಗ ಬಟ್ಟೆಯ ಗ್ಲೌಸ್ ಬೇಡ. ಬಿಟ್ ಅದರ ದಾರ ಸುತ್ತಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ಕಟ್ ಆಫ್ ಮಿಷನ್

ಪೈಪ್, ಪಟ್ಟಿ ಕತ್ತರಿಸುವ 14 ಇಂಚಿನ ಕಟ್ ಆಫ್‌ನಲ್ಲಿ ನಾನು ಅಗ್ಗದ ಪರವಾಗಿ ಮಾತಾಡುವುದಿಲ್ಲ. ಮೋಟರ್ ಹೋದರೆ ಸುತ್ತಿಸಬಹುದು, ಆದರೆ ತಳದ ತಗಡು ತೆಳುವಾಗಿ, ಪೈಪ್ ಹಿಡಿಯುವ ವೈಸ್ ಸಡಿಲವಿದ್ದರೆ ಮಾಡಲು ಏನೂ ಇಲ್ಲ. 45 ಡಿಗ್ರಿ ಕಟಿಂಗ್ ಒಂದೇ ಒಂದು ಡಿಗ್ರಿ ತಪ್ಪಿದರೂ 7 ಅಡಿಯ ಬಾಗಿಲ ಚೌಕಟ್ಟಿನ ತುದಿಯಲ್ಲಿ ಸುಮಾರು ಒಂದೂವರೆ ಇಂಚು ವ್ಯತ್ಯಾಸ ಬರುತ್ತದೆ. ಅದನ್ನು ವೆಲ್ಡ್ ತುಂಬಿ, ಸುತ್ತಿಗೆಯಲ್ಲಿ ಬಡಿದು ಸರಿಮಾಡಲು ಹೋದರೆ ದಿನವೇ ಕಳೆದುಹೋಗುತ್ತದೆ. ಅಂಗಡಿಗೆ ಹೋದಾಗ ವೈಸಿನಲ್ಲಿ ಒಂದು ಪೈಪ್ ತುಂಡು ಬಿಗಿದು ಕೈಯಲ್ಲಿ ತಿರುಚಿ ನೋಡಿ, ತೋಳನ್ನು ಹಿಡಿದು ಅಡ್ಡಕ್ಕೆ ಎಳೆದು ನೋಡಿ. ಎರಡೂ ಕದಲಬಾರದು.

ಇದು 2,000 ವ್ಯಾಟ್ ದಾಟುವ ಮಿಷನ್. 2,200 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ ಒಂಬತ್ತೂವರೆ ಆಂಪಿಯರ್, ಸ್ಟಾರ್ಟ್ ಆಗುವಾಗ ಇನ್ನೂ ಹೆಚ್ಚು ಎಳೆಯುತ್ತದೆ. ಮನೆಯ ಸಣ್ಣ ಪ್ಲಗ್ಗಿಗೆ ಹಾಕುವಂತಿಲ್ಲ, 16 ಆಂಪಿಯರ್ ಸಾಕೆಟ್ ಬೇಕು.

ಮರದ ಕೆಲಸದವರಿಗೆ

ನನ್ನದು ಕಬ್ಬಿಣದ ಕೆಲಸ, ಮರದ ಬಗ್ಗೆ ನಮ್ಮ ಪಕ್ಕದ ಬಡಗಿಗಳ ಕೈಯಲ್ಲಿ ನೋಡಿದ್ದಷ್ಟೇ ಹೇಳಬಲ್ಲೆ. ಪ್ಲೈವುಡ್ ಕೊಯ್ಯಲು ಬಹಳ ಜನ ಸಿಎಂ4 ಕಟರನ್ನೇ ಬಳಸುತ್ತಾರೆ, ಅಗ್ಗದ್ದೇ ವರ್ಷಗಟ್ಟಲೆ ಬರುತ್ತದೆ. ಮಕಿಟಾ 1900ಬಿ ನೋಡಿ ಮಾಡಿದ ಮರ ಹೆರೆಯುವ 82 ಎಂಎಂ ಪ್ಲೇನರ್ ಕೂಡ ಹಾಗೆಯೇ, ಒಳ್ಳೆಯ ಬ್ಲೇಡ್ ಹಾಕಿದರೆ ನಡೆಯುತ್ತದೆ. ಲ್ಯಾಮಿನೇಟ್ ಅಂಚು ಸವರುವ ಟ್ರಿಮ್ಮರಿನಲ್ಲಿ ಮಾತ್ರ ಅವರು ಕಂಪನಿ ಮಾಲೇ ಬೇಕು ಅನ್ನುತ್ತಾರೆ. ಅದು ನಿಮಿಷಕ್ಕೆ 30,000 ಸುತ್ತು ತಿರುಗುವ ಮಿಷನ್. ಬಿಟ್ ಹಿಡಿಯುವ ಕೊಲೆಟ್ ಕೂದಲೆಳೆಯಷ್ಟು ಸೊಟ್ಟ ಇದ್ದರೂ ಲ್ಯಾಮಿನೇಟ್ ಅಂಚು ಚೂರು ಚೂರಾಗಿ ಏಳುತ್ತದೆ, ಬಿಟ್ ಜಾರಿ ಹೊರಬರುವ ಭಯ ಬೇರೆ.

ಬ್ಯಾಟರಿ ಮಿಷನ್

ಈಗ ಅತಿ ಹೆಚ್ಚು ಸುಳ್ಳು ಬರೆದಿರುವುದು ಇವುಗಳ ಮೇಲೆ. ಬ್ಯಾಟರಿ ಮೇಲೆ 48ವಿಎಫ್, 88ವಿಎಫ್, 128ವಿಎಫ್ ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ವೋಲ್ಟ್ ಅಲ್ಲ, ಯಾವ ಅಳತೆಯೂ ಅಲ್ಲ. ಚಾರ್ಜರ್ ತಿರುಗಿಸಿ ಔಟ್‌ಪುಟ್ ಎಷ್ಟು ಅಂತ ನೋಡಿ. 21 ವೋಲ್ಟ್ ಅಂತಿದ್ದರೆ ಒಳಗೆ ಸಾಲಾಗಿ ಇರುವುದು 5 ಲಿಥಿಯಂ ಸೆಲ್. ಒಂದೊಂದು ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್, ಕೆಲಸ ಮಾಡುವಾಗ ಸರಾಸರಿ 3.6. ಹಾಗಾಗಿ 18 ವೋಲ್ಟ್, 20 ವೋಲ್ಟ್ ಮ್ಯಾಕ್ಸ್, 21 ವೋಲ್ಟ್, 48ವಿಎಫ್ ಎಲ್ಲಾ ಒಂದೇ ಐದು ಸೆಲ್ಲಿನ ಲೆಕ್ಕ. ಚಾರ್ಜರ್ 12.6 ವೋಲ್ಟ್ ಇದ್ದರೆ 3 ಸೆಲ್.

ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಆಂಪಿಯರ್-ಅವರ್ ಪತ್ತೆಗೆ ತಕ್ಕಡಿ ಸಾಕು. ಈ ಬ್ಯಾಟರಿಗಳೊಳಗಿನ ಸಾಮಾನ್ಯ 18650 ಅಳತೆಯ ಉರುಳೆ ಸೆಲ್ ಒಂದು 45ರಿಂದ 50 ಗ್ರಾಂ ತೂಗುತ್ತದೆ. 18 ವೋಲ್ಟಿನಲ್ಲಿ 4 ಆಂಪಿಯರ್-ಅವರ್ ಬೇಕಾದರೆ ಇಂಥ 10 ಸೆಲ್, ಐದೈದರ ಎರಡು ಸಾಲು, ಇರಬೇಕು, ಸೆಲ್ಲುಗಳೇ ಅರ್ಧ ಕಿಲೋ ಹತ್ತಿರ ಆಗುತ್ತವೆ. 4 ಅಂತ ಬರೆದ ಬ್ಯಾಟರಿ ಡಬ್ಬಿ ಸಮೇತ 350 ಗ್ರಾಂ ತೂಗಿದರೆ ಒಳಗೆ ಐದೇ ಸೆಲ್.

ಸ್ಕ್ರೂ ಬಿಗಿಯಲು, ಸೈಟಿನಲ್ಲಿ ಕರೆಂಟ್ ಇಲ್ಲದ ಕಡೆ ಒಂದೆರಡು ತೂತಿಗೆ ಅಗ್ಗದ ಬ್ಯಾಟರಿ ಡ್ರಿಲ್ ಆಗುತ್ತದೆ. ಬ್ಯಾಟರಿ ಗ್ರೈಂಡರ್ ಮಾತ್ರ ಅಗ್ಗದ್ದು ಬೇಡ. ಗ್ರೈಂಡರ್ ಎಳೆಯುವ ಕರೆಂಟಿಗೆ ಕಳಪೆ ಸೆಲ್ ಕಾದು ಬೇಗ ಹಾಳಾಗುತ್ತದೆ. ಹತ್ತು ನಿಮಿಷಕ್ಕೆ ಚಾರ್ಜ್ ಮುಗಿದು ಕೆಲಸವೂ ನಿಲ್ಲುತ್ತದೆ. ಕಂಪನಿ ಮಾಲು ಕೊಳ್ಳುವುದಾದರೆ ಬೆಲೆ ನೋಡುವಾಗ ಮಿಷನ್ ಬೆಲೆಗಿಂತ ಹೆಚ್ಚುವರಿ ಬ್ಯಾಟರಿಯ ಬೆಲೆ ಕೇಳಿ. ಒಮ್ಮೆ ಒಂದು ಕಂಪನಿ ಹಿಡಿದರೆ ಮುಂದೆ ಅದರ ಬ್ಯಾಟರಿಗೇ ಕಟ್ಟುಬೀಳುತ್ತೀರಿ. ರಾತ್ರಿ ಅಂಗಡಿ ಮುಚ್ಚಿ ಹೋಗುವಾಗ ಅಗ್ಗದ ಬ್ಯಾಟರಿಯನ್ನು ಚಾರ್ಜಿಗೆ ಬಿಟ್ಟು ಹೋಗಬೇಡಿ.

ಮಿಷನ್ ಸುಡುವುದು ಬಹಳ ಸಲ ವೈರಿನಿಂದ

"ಲೋಕಲ್ ಮಿಷನ್, ಎರಡೇ ದಿನಕ್ಕೆ ಸುಟ್ಟೋಯ್ತು" ಅನ್ನುವವರ ಎಕ್ಸ್‌ಟೆನ್ಷನ್ ಬೋರ್ಡ್ ನೋಡಬೇಕು. 30 ಮೀಟರ್ ವೈರಿನಲ್ಲಿ ಕರೆಂಟ್ ಹೋಗಿಬರುವ ದಾರಿ 60 ಮೀಟರ್. 0.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಆದರೆ 6 ಆಂಪಿಯರಿಗೆ 12-13 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ. 1.5 ಸ್ಕ್ವೇರ್ ಎಂಎಂ ಆದರೆ ನಾಲ್ಕೇ ವೋಲ್ಟ್. ಹಳ್ಳಿಯ ಲೈನಿನಲ್ಲಿ ಮೊದಲೇ 190-200 ಇರುವ ಹೊತ್ತಿಗೆ ಈ ನಷ್ಟವೂ ಸೇರಿದರೆ ಮಿಷನ್ ವೇಗ ಇಳಿಯುತ್ತದೆ, ನಾವು ಇನ್ನಷ್ಟು ಒತ್ತುತ್ತೇವೆ, ಒಳಗಿನ ಫ್ಯಾನ್ ನಿಧಾನವಾಗಿ ಗಾಳಿ ಸಾಲದೆ ಮೋಟರಿನ ತಂತಿ ಸುತ್ತು ಸುಡುತ್ತದೆ. ಹೆಸರು ಹೋಗುವುದು ಮಿಷನ್ನಿನದು. ಕಟ್ ಆಫ್‌ಗೆ 2.5 ಸ್ಕ್ವೇರ್ ಎಂಎಂ ಹಾಕಿ. ವೈರನ್ನು ಸುರುಳಿ ಸುತ್ತಿಟ್ಟುಕೊಂಡೇ ಓಡಿಸಬೇಡಿ, ಪೂರ್ತಿ ಬಿಚ್ಚಿ. ಅಗ್ಗದ ಮಿಷನ್ ಮುಟ್ಟಿ ನೋಡುತ್ತಾ ಇರಿ, ಕೈ ಇಡಲಾಗದಷ್ಟು ಬಿಸಿಯಾದರೆ ಆಫ್ ಮಾಡಿ ಇಡುವ ಬದಲು ಎರಡು ನಿಮಿಷ ಬರಿದೇ ಓಡಿಸಿ. ಅದರ ಫ್ಯಾನೇ ಅದನ್ನು ತಣ್ಣಗೆ ಮಾಡುತ್ತದೆ.

ಸೆಕೆಂಡ್ ಹ್ಯಾಂಡ್ ಕಂಪನಿ ಮಿಷನ್ ಸಿಕ್ಕರೆ ನಾನು ಹೊಸ ಲೋಕಲ್‌ಗಿಂತ ಅದನ್ನೇ ಆರಿಸುತ್ತೇನೆ, ಬಿಚ್ಚಿ ತೋರಿಸುವುದಾದರೆ ಮಾತ್ರ. ಕಮ್ಯುಟೇಟರ್ ನಯವಾಗಿ ಕಂದು ಬಣ್ಣಕ್ಕಿದ್ದರೆ ಸರಿ. ಕರಿ ಬಿದ್ದು ಗುಳಿಗಳಾಗಿದ್ದರೆ ಬಿಟ್ಟು ಬನ್ನಿ.

ಹದಿನೈದು ಸಾವಿರದಲ್ಲಿ ಅವನು ತಂದದ್ದು

ಇಬ್ಬರೂ ಕೂತು ಲೆಕ್ಕ ಹಾಕಿದೆವು. ದಿನವಿಡೀ ಓಡುವುದು ಕಟ್ ಆಫ್ ಮತ್ತು ಗ್ರೈಂಡರ್, ಹಾಗಾಗಿ ಅವೆರಡೂ ಮೇಲಿನ ಸಾಲಿನವು. ಅಲ್ಲಿಗೆ ಸುಮಾರು 11,500 ಮುಗಿಯಿತು. ಡ್ರಿಲ್ ನಡುವಿನ ಸಾಲಿನದು, ವೇಗ ಕಡಿಮೆ ಹೆಚ್ಚು ಆಗುವ 10 ಎಂಎಂ ಚಕ್ಕಿನದು, 1,500. ಉಳಿದ 2,000ದಲ್ಲಿ ವೈರ್, ತಾರೀಖು ನೋಡಿ ಆರಿಸಿದ ಕಟಿಂಗ್ ವೀಲ್, ಕಬ್ಬಿಣ ಕೊರೆಯುವ ನಾಲ್ಕು ಎಚ್‌ಎಸ್‌ಎಸ್ ಬಿಟ್, ಎರಡು ಜೊತೆ ಕಾರ್ಬನ್, ಪಕ್ಕಕ್ಕೂ ಮುಚ್ಚುವ ಕನ್ನಡಕ. ಎರಡನೇ ಗ್ರೈಂಡರ್ ಬೇಕೇ ಬೇಕು, ಒಂದರಲ್ಲಿ ಕಟಿಂಗ್ ಒಂದರಲ್ಲಿ ಗ್ರೈಂಡಿಂಗ್ ಡಿಸ್ಕ್ ಇದ್ದರೆ ಬದಲಿಸುವ ಹೊತ್ತು ಉಳಿಯುತ್ತದೆ. ಅದನ್ನು ಮೊದಲ ಗೇಟಿನ ದುಡ್ಡು ಬಂದ ಮೇಲೆ 801ರಲ್ಲೇ ತರುತ್ತಾನೆ, ಗ್ರೀಸ್ ನಾನೇ ಕೊಟ್ಟಿದ್ದೇನೆ. ಬಿಲ್ ಮೇಲೆ ಮಿಷನ್ನಿನ ಸೀರಿಯಲ್ ನಂಬರ್ ಬರೆಸಿ ಸೀಲ್ ಹಾಕಿಸಿಕೊಂಡ, ಅದಿಲ್ಲದೆ ಸರ್ವಿಸ್ ಸೆಂಟರಿನಲ್ಲಿ ವಾರಂಟಿಗೆ ತಕರಾರು ಬರುತ್ತದೆ.

ರೋಟರಿ ಹ್ಯಾಮರ್ ಈಗಲೇ ಬೇಡ ಅಂದೆ. ಕಲ್ಲುಕಂಬಕ್ಕೆ ತೂತು ಹಾಕುವ ಕೆಲಸ ಬಂದ ದಿನ ಬೆಳಿಗ್ಗೆ ಬಂದು ನಮ್ಮದನ್ನೇ ಒಯ್ಯಲಿ, ಸಂಜೆ ತಂದಿಡಲಿ.